ಬಿ.ಎಚ್. ರಸ್ತೆ ಪಕ್ಕದ ಅರ್ಜಿ ಅಂಗಡಿ: ಐದಕ್ಕೆ ಮೂರೂವರೆ

ಅಂಗಡಿಯ ಹೆಸರು ಬರೆಯುವುದಿಲ್ಲ. ಕೆಳಗೆ ಒಂದು ದೊಡ್ಡ ದೂರು ಇದೆ, ಅಂಗಡಿ ನಡೆಸುವ ಅಣ್ಣನ ಹೊಟ್ಟೆಪಾಡಿಗೆ ಕಲ್ಲು ಹಾಕಲು ನನಗೆ ಮನಸ್ಸಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ, ಕೆಲಸಕ್ಕೆ, ಕೋರ್ಸಿಗೆ ಅರ್ಜಿ ಹಾಕಿಕೊಡುವ ಸಣ್ಣ ಸೈಬರ್ ಅಂಗಡಿ ಅಂದರೆ ಸಾಕು. ವಿಶ್ವವಿದ್ಯಾನಿಲಯದ ಕಲಾ ಕಾಲೇಜಿನವರು, ವಿಜ್ಞಾನ ಕಾಲೇಜಿನವರು ಇಬ್ಬರೂ ಬರುತ್ತಾರೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಫೋಟೋ ತೆಗೆಯಲು ಗೋಡೆಗೆ ಹೊಡೆದ ಬಿಳಿ ಬಟ್ಟೆ, ಅದರ ಮುಂದೆ ಕಾಲು ಅಲ್ಲಾಡುವ ಒಂದು ಸ್ಟೂಲ್. ಇಷ್ಟೇ ಅಂಗಡಿ.

ನಾನು ಇದೇ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಮುಗಿಸಿ ಆರು ವರ್ಷ ಆಯಿತು, ಆಗಿನಿಂದ ಈ ಅಂಗಡಿಯ ಗಿರಾಕಿ. ಈ ಸಲ ಹೋದದ್ದು ತಂಗಿಗಾಗಿ. ಅವಳದು ಬಿ.ಎಸ್ಸಿ., ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ.

"ಡಿಗ್ರಿ ಯಾವ್ದಮ್ಮಾ?" ಅಂದರು ಅಣ್ಣ, ತಲೆ ಎತ್ತದೆ.

ಹೇಳಿದ್ದೇ ತಡ, ಶುರುವಾಯಿತು. ಪ್ರಾಥಮಿಕ ಶಾಲೆಯ ಪದವೀಧರ ಶಿಕ್ಷಕಿ ಆಗಬೇಕಾದರೆ ಬಿ.ಎಡ್. ಇಲ್ಲವೇ ಡಿ.ಎಲ್.ಎಡ್. ಬೇಕು, ಬಿ.ಎಡ್. ಈಗ ಎರಡು ವರ್ಷ, ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬೇರೆ. ಕೇಂದ್ರ ಸರ್ಕಾರಿ ಹುದ್ದೆಗಳ ಎಸ್‌ಎಸ್‌ಸಿ ಸಿಜಿಎಲ್‌ಗೆ ಹೆಚ್ಚು ಕಡೆ ಯಾವ ಡಿಗ್ರಿ ಆದರೂ ನಡೆಯುತ್ತದೆ, ಬ್ಯಾಂಕ್ ಪಿಒಗೂ ಹಾಗೇ, ಆದರೆ ಅಲ್ಲಿ ವಯಸ್ಸು 20ರಿಂದ 30ರೊಳಗೆ ಇರಬೇಕು. ಎಂ.ಎಸ್ಸಿ. ಆಸೆ ಇದ್ದರೆ ಐಐಟಿಗಳ ಪ್ರವೇಶ ಪರೀಕ್ಷೆ ಜಾಮ್ ಬರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಕ್ಕೆ ಬೇರೆ ಪೇಪರ್ ಇಲ್ಲ, ಬಯೋಟೆಕ್ನಾಲಜಿ ತಗೋ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ, ಅದನ್ನೂ ನೋಡು. ಎಲ್ಲ ಒಂದೇ ಉಸಿರಿಗೆ, ಕೈ ಬೇರೆಯವರ ಅರ್ಜಿ ಟೈಪ್ ಮಾಡುತ್ತಲೇ ಇತ್ತು. ಮೂರು ವರ್ಷ ಕಾಲೇಜಿನಲ್ಲಿ ಇಷ್ಟನ್ನು ಒಟ್ಟಿಗೆ ಕೂರಿಸಿ ಯಾರೂ ಹೇಳಿರಲಿಲ್ಲವಂತೆ ನನ್ನ ತಂಗಿಗೆ.

ಪಕ್ಕದಲ್ಲಿ ಶಿರಾ ಕಡೆಯ ಒಬ್ಬ ಹುಡುಗ ಕೂತಿದ್ದ. ಬಿ.ಎ., ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ (ಇಕನಾಮಿಕ್ಸ್), ರಾಜ್ಯಶಾಸ್ತ್ರ. ಗ್ರಾಮ ಆಡಳಿತ ಅಧಿಕಾರಿ ಹುದ್ದೆ ಮತ್ತೆ ಯಾವಾಗ ಕರೆಯುತ್ತಾರೆ ಎಂದು ಕೇಳಲು ಬಂದಿದ್ದ. 2024ರಲ್ಲಿ 1000 ಹುದ್ದೆಗೆ ಕರೆದಿದ್ದರಲ್ಲ, ಅದಕ್ಕೆ ಪಿಯುಸಿ ಸಾಕಿತ್ತು, ಆದರೂ ಈ ಅಂಗಡಿಯಲ್ಲಿ ಎಂ.ಎಸ್ಸಿ. ಮಾಡಿದವರೂ ಸಾಲಿನಲ್ಲಿ ನಿಂತಿದ್ದನ್ನು ನಾನೇ ನೋಡಿದ್ದೇನೆ. "ಬಿ.ಎ.ಗೆ ಇನ್ನೇನಿದೆ ಅಣ್ಣ" ಅಂದ ಹುಡುಗ. ಅಣ್ಣನಿಗೆ ಸಿಟ್ಟು ಬಂತು. "ಮೂರು ವರ್ಷದ ಎಲ್‌ಎಲ್‌ಬಿ ಇದೆ, ಜನರಲ್ ಆದರೆ 45 ಪರ್ಸೆಂಟ್ ಬೇಕು, ಇದೆಯಾ? ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಇದೆ. ಲೈಬ್ರರಿ ಸೈನ್ಸ್ ಇದೆ. ಗೇಟ್ ಬರೀತೀಯಾ?"

ಹುಡುಗ ನಕ್ಕುಬಿಟ್ಟ. "ಗೇಟ್ ಇಂಜಿನಿಯರ್‌ಗಳದಲ್ವಾ ಅಣ್ಣ?"

ಅಣ್ಣ ಮಾನಿಟರನ್ನೇ ಅವನ ಕಡೆ ತಿರುಗಿಸಿದರು. 2021ರಿಂದ ಗೇಟ್ ಎಂಬ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಮಾನವಿಕ ಮತ್ತು ಸಮಾಜ ವಿಜ್ಞಾನಕ್ಕೆ ಒಂದು ಪೇಪರ್ ಇದೆ. ಅರ್ಥಶಾಸ್ತ್ರ, ಇಂಗ್ಲಿಷ್, ಭಾಷಾಶಾಸ್ತ್ರ, ತತ್ವಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇತಿಹಾಸವೂ ಇಲ್ಲ, ರಾಜ್ಯಶಾಸ್ತ್ರವೂ ಇಲ್ಲ, ಎಚ್‌ಇಪಿಯವನಿಗೆ ಉಳಿಯುವುದು ಮಧ್ಯದ 'ಇ' ಒಂದೇ. ಹುಡುಗ ಸುಮ್ಮನೆ ಒಂದು ಫೋಟೋ ಹೊಡೆದುಕೊಂಡ. ಬರೆಯುತ್ತಾನೋ ಇಲ್ಲವೋ.

ಕೆಲಸದ ವಿಷಯಕ್ಕೆ ಬಂದರೆ, ಅರ್ಜಿಗೆ 100 ರೂಪಾಯಿ. ಕಡಿಮೆಯೇನಲ್ಲ, ಫೋನಿನಲ್ಲಿ ನಾವೇ ಹಾಕಬಹುದು ಎನ್ನುವವರು ಹಾಕಿಕೊಳ್ಳಲಿ. ಆದರೆ ನಾವು ಮರೆಯುವುದನ್ನು ಇವರು ಮರೆಯುವುದಿಲ್ಲ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಮೊದಲು ಕೇಳುತ್ತಾರೆ. ಆಮೇಲೆ, "ಒಂದರಿಂದ ಹತ್ತು ಹಳ್ಳಿಲಿ ಓದಿದ್ದಾ? ಕನ್ನಡ ಮೀಡಿಯಮ್ಮಾ?" ಗ್ರಾಮೀಣ ಮೀಸಲಾತಿ 25 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5. ರಾಜ್ಯದ ಹುದ್ದೆಗಳಲ್ಲಿ ಈ ಎರಡು ಸರ್ಟಿಫಿಕೇಟ್ ಇಟ್ಟುಕೊಳ್ಳದೆ ಕೆಲಸ ತಪ್ಪಿಸಿಕೊಂಡವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಸಹಿಯ ಸ್ಕ್ಯಾನ್ ಕೆಬಿ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಯುವನಿಧಿಯ ಅರ್ಜಿಯನ್ನೂ ಇಲ್ಲೇ ಹಾಕಿಸಬಹುದು, ಡಿಗ್ರಿಯವರಿಗೆ ತಿಂಗಳಿಗೆ 3000, ಎರಡು ವರ್ಷ, ಮುಂದೆ ಓದುತ್ತಿದ್ದರೆ ಇಲ್ಲ. ಅದನ್ನೂ ಮೊದಲೇ ಹೇಳುತ್ತಾರೆ.

ಇನ್ನು ದೂರು. ಹೋದ ವರ್ಷ ನನ್ನ ಚಿಕ್ಕಪ್ಪನ ಮಗ ಇಲ್ಲೇ ಒಂದು ಅರ್ಜಿ ಹಾಕಿಸಿದ. ಕೊನೇ ದಿನ, ಸರ್ವರ್ ಮುಷ್ಕರ ಹೂಡಿದ ಹಾಗೆ ಕೂತಿತ್ತು, ಬಾಗಿಲವರೆಗೆ ಜನ. ಇವನ ಮೇಲ್ ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ. ಅಣ್ಣ "ಇರ್ಲಿ ಬಿಡು" ಅಂದು ಅಂಗಡಿಯ ಮೇಲ್ ಐಡಿಯನ್ನೇ ಕೊಟ್ಟರು. ಆ ಗಡಿಬಿಡಿಯಲ್ಲಿ ಮೀಸಲಾತಿ ಪ್ರವರ್ಗ 2ಎ ಇರಬೇಕಾದ ಕಡೆ 3ಎ ಆಯಿತು. ತಿದ್ದಲು ಅವಕಾಶ ಕೊಟ್ಟು ಮೇಲ್ ಬಂದಿದೆ, ಬಂದದ್ದು ಅಂಗಡಿಗೆ, ನೂರಾರು ಮೇಲ್‌ಗಳ ಕೆಳಗೆ ಅದು ಹಾಗೇ ಬಿದ್ದಿದೆ. ಇವನಿಗೆ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿತ್ತು. ಕೇಳಿದಾಗ ಅಣ್ಣ ಜಗಳ ಆಡಲಿಲ್ಲ, ತಪ್ಪು ನನ್ನದೇ ಅಂದರು, 100 ರೂಪಾಯಿ ವಾಪಸ್ ಕೊಟ್ಟರು. ಹುಡುಗನ ಒಂದು ವರ್ಷ ಹೋಯಿತಲ್ಲ, ಅದಕ್ಕೆ ಏನು ವಾಪಸ್ ಕೊಡುತ್ತಾರೆ? ಒಂದು ಸ್ಟಾರ್ ಇಲ್ಲೇ ಹೋಯಿತು.

ಇನ್ನರ್ಧ ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಅಣ್ಣನನ್ನು ಬೈಯುವುದು ಸರಿಯೋ ತಪ್ಪೋ ಗೊತ್ತಿಲ್ಲ. ವಿಷಯ ಏನೆಂದರೆ, ಇಲ್ಲಿ ಕಾಣುವುದು ಕೊನೆಯ ದಿನಾಂಕ ಇರುವ ಕೆಲಸಗಳು ಮಾತ್ರ. ಅಧಿಸೂಚನೆ ಹೊರಡಬೇಕು, ಪಿಡಿಎಫ್ ಬರಬೇಕು, ಆಗ ಅದು ಕೆಲಸ. ನಾನು ಮನೆಯಲ್ಲೇ ಕೂತು ಕನ್ನಡಕ್ಕೆ ಅನುವಾದ, ಸಬ್‌ಟೈಟಲ್ ಮಾಡುತ್ತೇನೆ. ಎರಡು ಪುಟ ಸ್ಯಾಂಪಲ್ ಅನುವಾದ ಕಳಿಸಿ ಸಿಕ್ಕ ಕೆಲಸ, ಅದಕ್ಕೆ ಯಾವ ಪಿಡಿಎಫ್ಫೂ ಬಂದಿರಲಿಲ್ಲ. ಅಣ್ಣ ಇವತ್ತಿಗೂ ನನ್ನನ್ನು "ಇನ್ನೂ ಟ್ರೈ ಮಾಡ್ತಿದ್ದೀಯಾ?" ಎಂದೇ ಕೇಳುತ್ತಾರೆ. ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಕೆಮಿಸ್ಟ್ರಿ ಎಂ.ಎಸ್ಸಿ. ಗೆಳತಿ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ಲ್ಯಾಬಿನಲ್ಲಿದ್ದಾಳೆ, ಸೀನಿಯರ್ ಒಬ್ಬರು ಫೋನ್ ಮಾಡಿ ಕರೆದದ್ದು. ಎಂಎಸ್‌ಡಬ್ಲ್ಯೂ ಮಾಡಿದವಳು ಪಾವಗಡ ಕಡೆ ಮಹಿಳಾ ಸಂಘಗಳ ಲೆಕ್ಕಪತ್ರ, ಸಭೆ ಎಂದು ಊರೂರು ಸುತ್ತುತ್ತಾಳೆ. ಇತಿಹಾಸದ ಹುಡುಗ ಒಬ್ಬ ದಿನಾ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪ್ರಕಾಶನವೊಂದರಲ್ಲಿ ಕರಡು ತಿದ್ದುತ್ತಾನೆ, ಸಂಬಳ ಕಡಿಮೆ, ಬಿಡುವುದಿಲ್ಲ ಅಂತಾನೆ. ಮನಃಶಾಸ್ತ್ರ ಓದಿದವಳಿಗೆ ಮಾತ್ರ ದಾರಿ ಉದ್ದ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು, ಬರೀ ಎಂ.ಎಸ್ಸಿ. ಸಾಲದು, ಅವಳು ಇನ್ನೂ ಓದುತ್ತಿದ್ದಾಳೆ. ಇವರಲ್ಲಿ ಒಬ್ಬರ ಕೆಲಸವೂ ಈ ಅಂಗಡಿಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬಂದದ್ದಲ್ಲ.

ಇದನ್ನು ಅಣ್ಣನಿಗೂ ಹೇಳಿದೆ. "ನಿಮ್ಮೋರನ್ನೆಲ್ಲ ಒಂದಿನ ಕರ್ಕೊಂಡ್ ಬಾರಮ್ಮ, ನಂಬರ್ ಬರ್ಕೋತೀನಿ, ಹುಡುಗರು ಕೇಳಿದ್ರೆ ಕೊಡ್ತೀನಿ" ಅಂದರು. ಪರವಾಗಿಲ್ಲ, ಅರ್ಧ ಸ್ಟಾರ್ ವಾಪಸ್ ಕೊಡೋಣ ಅನ್ನಿಸಿತು, ಕೊಡಲಿಲ್ಲ. ಮೊದಲು ನಂಬರ್ ಬರೆದುಕೊಳ್ಳಲಿ.

ಹೋಗುವವರಿಗೆ: ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ, ಜನ ಕಡಿಮೆ. ಸೋಮವಾರ ಬೇಡವೇ ಬೇಡ. ಫ್ಯಾನ್ ಒಂದೇ, ಅದೂ ಜೆರಾಕ್ಸ್ ಮಷಿನ್ ಕಡೆಗೆ ತಿರುಗಿದೆ. ಪಕ್ಕದ ಟೀ ಚೆನ್ನಾಗಿದೆ, ಸಕ್ಕರೆ ಜಾಸ್ತಿ.

ಸೆಪ್ಟೆಂಬರ್‌ನಲ್ಲಿ ತಂಗಿಯ ಜಾಮ್ ಅರ್ಜಿಗೆ ಮತ್ತೆ ಅಲ್ಲಿಗೇ ಹೋಗುತ್ತೇವೆ. ಮೇಲ್ ಐಡಿ ಅವಳದೇ, ಪಾಸ್‌ವರ್ಡ್ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಈಗಲೇ ಬರೆಸಿದ್ದೇನೆ.