ಹೆಬ್ಬಾಳದ ಕಿತ್ತಯ್ಯನ ಕಲ್ಲು: ಶಾಸನ ಕಾಯುವವರ ಸೇವೆ ಹೇಗಿದೆ?

ಬೆಂಗಳೂರಿನ ಇತಿಹಾಸ ಕೆಂಪೇಗೌಡರಿಂದಲೇ ಆರಂಭವಾಗುತ್ತದೆ ಎಂದು ತಿಳಿದವರು ಒಮ್ಮೆ ಹೆಬ್ಬಾಳದ ಪುಟ್ಟ ಮಂಟಪದಲ್ಲಿ ನಿಂತಿರುವ ವೀರಗಲ್ಲನ್ನು ನೋಡಿಬರಬೇಕು. 2018ರಲ್ಲಿ ಚರಂಡಿಗೆಂದು ನೆಲ ಅಗೆಯುವಾಗ ಸಿಕ್ಕ ಈ ಕಲ್ಲು ಗಂಗ ವಂಶದ ದೊರೆ ಶ್ರೀಪುರುಷನ ಕಾಲದ್ದು, ಎಂದರೆ ಸುಮಾರು ಕ್ರಿ.ಶ. 750ರದು. ಊರಿನ ಮೇಲೆ ಬಿದ್ದ ರಾಷ್ಟ್ರಕೂಟರ ದಂಡನ್ನು ಎದುರಿಸಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ.

ಮಣ್ಣಿನೊಡನೆ ಲಾರಿ ಹತ್ತಿ ಹೋಗಬಹುದಾಗಿದ್ದ ಕಲ್ಲು ಉಳಿದದ್ದು, ಶಾಸನಗಳನ್ನು ಹುಡುಕಿ ಅಲೆಯುವ ಸ್ವಯಂಸೇವಕರ ಬಳಗವೊಂದು ಅದರ ಬೆನ್ನು ಹತ್ತಿದ್ದರಿಂದ. ಅವರು ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸದೆ, ಜನರಿಂದ ಹಣ ಕೂಡಿಸಿ, ಸಿಕ್ಕ ಊರಿನಲ್ಲಿಯೇ ಗಂಗ ಶೈಲಿಯ ಮಂಟಪ ಕಟ್ಟಿಸಿದರು. ಕಿತ್ತಯ್ಯ ಕಾದಿ ಸತ್ತದ್ದು ಈ ಊರಿಗಾಗಿ. ಅವನ ಕಲ್ಲು ಗಾಜಿನ ಪೆಟ್ಟಿಗೆಯೊಳಗಿದ್ದರೆ ನನಗಂತೂ ಅರ್ಧ ಅರ್ಥವೇ ಹೋದಂತಾಗುತ್ತಿತ್ತು.

1909ರಲ್ಲಿ ಸ್ಥಾಪನೆಯಾದ, ನೃಪತುಂಗ ರಸ್ತೆಯ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಇದೇ ಕೆಲಸ ದೊಡ್ಡದಾಗಿ ಬೆಳೆದಿದ್ದು, ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸಲಾಗುತ್ತಿದೆ. ಶತಮಾನದ ಹಿಂದೆ ಶಾಸನತಜ್ಞ ಬಿ.ಎಲ್. ರೈಸ್ ತಮ್ಮ ಶಾಸನ ಸಂಪುಟದಲ್ಲಿ ದಾಖಲಿಸಿದ ಅನೇಕ ಕಲ್ಲುಗಳು ಇಂದು ಜಾಗದಲ್ಲಿಲ್ಲ ಎಂಬುದನ್ನು ನೆನೆದರೆ ಈ ಅವಸರ ಅರ್ಥವಾಗುತ್ತದೆ. ಸವೆದ ಕಲ್ಲಿನ ಮುಂದೆ ಬರಿಗಣ್ಣಿನಿಂದ ಎಷ್ಟು ಹೊತ್ತು ನಿಂತರೂ ಕಾಣದ ಗೆರೆಗಳು, ಪರದೆಯ ಮೇಲಿನ ಪ್ರತಿಕೃತಿಯನ್ನು ತಿರುಗಿಸಿ ಬೆಳಕನ್ನು ಓರೆಯಾಗಿ ಬೀಳಿಸಿದಾಗ ಅಕ್ಷರಗಳಾಗಿ ಎದ್ದು ನಿಲ್ಲುತ್ತವೆ. ಪ್ರಾಚೀನ ಲಿಪಿ ಬಾರದ ನನಗೂ, ‘ಬೆಂಗಳೂರ ಕಾಳಗ’ದ ಪ್ರಸ್ತಾಪವಿರುವ ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನದ ಸಾಲುಗಳು ಎಲ್ಲಿ ಮುರಿಯುತ್ತವೆ, ಎಲ್ಲಿ ಮುಂದುವರಿಯುತ್ತವೆ ಎಂಬುದು ಹೀಗೆಯೇ ತಿಳಿದದ್ದು. ಅಕ್ಷರಗಳ ರೂಪವನ್ನು ಹುಡುಕಲು ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ಸಿದ್ಧಪಡಿಸಿದ್ದಾರೆ. ಲಿಪಿ ಕಲಿಯುವವರಿಗೆ ಅದು ಹೆಚ್ಚು ಉಪಯುಕ್ತ.

ಮಂಟಪ ನೋಡಲು ಹತ್ತು ನಿಮಿಷ ಸಾಕು. ಶಾಸನದ ಬಗ್ಗೆ ಮೊದಲೇ ಓದಿಕೊಂಡು ಹೋದವರಿಗೆ ಮಾತ್ರ ಅರ್ಧ ಗಂಟೆ ಹಿಡಿಯುತ್ತದೆ. ನೋಡುವ ಮುನ್ನ ಓದಿಕೊಂಡು ಹೋಗುವುದೇ ಲೇಸು.

ಒಂದು ಮಿತಿಯನ್ನು ಹೇಳಲೇಬೇಕು. ಸ್ಕ್ಯಾನ್ ಕಾಪಾಡುವುದು ಬರಹವನ್ನು, ಕಲ್ಲನ್ನಲ್ಲ. ನಮ್ಮ ಬಂಧುಗಳ ಊರಿನ ಗುಡಿಯೊಂದರಲ್ಲಿ ಶಾಸನಕ್ಕೆ ಭಕ್ತಿಯಿಂದಲೇ ವರ್ಷವರ್ಷವೂ ಎಣ್ಣೆಬಣ್ಣ ಬಳಿಯುತ್ತ ಬಂದು, ಅಕ್ಷರದ ಕುಳಿಗಳೆಲ್ಲ ತುಂಬಿಹೋಗಿವೆ. ಅಲ್ಲಿ ಯಾವ ಯಂತ್ರ ತಂದರೂ ದಾಖಲಾಗುವುದು ಬಣ್ಣದ ಮೈ ಮಾತ್ರ. ಕಳೆದ ಸಲ ಹೋದಾಗ ಅರ್ಚಕರಿಗೆ ಮೊಬೈಲಿನಲ್ಲಿ ಕಿತ್ತಯ್ಯನ ಕಲ್ಲನ್ನು ತೋರಿಸಿದೆ. ಬರುವ ಯುಗಾದಿಗೆ ಬಣ್ಣ ಹೊಡೆಸುವುದಿಲ್ಲ ಎಂದಿದ್ದಾರೆ.