ಹಿತ್ತಲಿಗೆ ಬರುವ ನರಿ ಹುಷಾರಾಗಿದೆಯಾ? 50 ಪೌಂಡಿನ ಟ್ರೇಲ್ ಕ್ಯಾಮೆರಾ ಏನೇನು ತೋರಿಸಿತು

ಟ್ರೇಲ್ ಕ್ಯಾಮೆರಾ ಅಂದರೆ ಹೊರಗೆ ಕಟ್ಟಿಟ್ಟರೆ ಪ್ರಾಣಿ ಬಂದಾಗ ತಾನೇ ಚಿತ್ರ ಹಿಡಿಯುವ ಕ್ಯಾಮೆರಾ. ಮೊದಲೇ ಹೇಳಿಬಿಡುತ್ತೇನೆ. ನರಿಯ ಚಂದದ ಫೋಟೋ ಬೇಕು ಅನ್ನುವವರಿಗೆ ಈ ಕ್ಯಾಮೆರಾ ಅಲ್ಲ. ನರಿಗೆ ಕಾಯಿಲೆ ಇದೆಯೋ ಇಲ್ಲವೋ ಅಂತ ತಿಳಿಯಬೇಕು ಅನ್ನುವವರಿಗೆ ಇಷ್ಟು ಸಾಕು.

ನಾವಿರುವುದು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ. ಇಲ್ಲಿ ಕೆಂಪು ನರಿ ನಮ್ಮೂರ ಬೀದಿನಾಯಿಯಷ್ಟೇ ಮಾಮೂಲು. ಹಾಸನದಿಂದ ಬಂದಿದ್ದ ನಮ್ಮ ಅತ್ತೆಗಂತೂ ಖುಷಿಯೋ ಖುಷಿ. ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅಲ್ವಾ, ಕಾಫಿ ಲೋಟ ಹಿಡಿದು ಕಿಟಕಿ ಹತ್ತಿರ ಹಾಜರ್. ಅವರೇ ಮೊದಲು ಗಮನಿಸಿದ್ದು: "ನೋಡಮ್ಮ, ಇದರ ಬಾಲದಲ್ಲಿ ಕೂದಲೇ ಇಲ್ಲ." ಹುಚ್ಚು ಹಿಡಿದಿದೆಯೇನೋ ಅಂತ ಅವರಿಗೆ ಭಯ. ಊರಲ್ಲಾದರೆ ನ್ಯಾಯವಾದ ಭಯವೇ. ಅಲ್ಲಿ ತೂರಾಡುವ ನರಿ ಕಂಡರೆ ದೂರ ಇರಬೇಕು, ಅರಣ್ಯ ಇಲಾಖೆಗೆ ತಿಳಿಸಬೇಕು. ಆದರೆ ಬ್ರಿಟನ್ನಿನ ನರಿಗಳಲ್ಲಿ ರೇಬೀಸ್ ಇಲ್ಲ. ಇಲ್ಲಿ ನರಿಗಳನ್ನು ಕಾಡುವುದು ಹುಳುಕಜ್ಜಿ. ಸಾರ್ಕಾಪ್ಟಿಸ್ ಅನ್ನುವ ನುಸಿ ಚರ್ಮದೊಳಗೆ ಕೊರೆದುಕೊಂಡು ಹೋಗುತ್ತದೆ. 1994ರಲ್ಲಿ ಬ್ರಿಸ್ಟಲ್ ನಗರಕ್ಕೆ ಈ ಕಜ್ಜಿ ಹಬ್ಬಿದಾಗ ಎರಡೇ ವರ್ಷದಲ್ಲಿ ಅಲ್ಲಿನ ನರಿಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಸತ್ತುಹೋದವು.

ಈಗ ಕ್ಯಾಮೆರಾ ವಿಷಯ. ಬೆಲೆ 50 ಪೌಂಡಿನ ಆಸುಪಾಸು. ಬಿಸಿ ಮೈಯ ಪ್ರಾಣಿ ಎದುರಿಗೆ ಓಡಾಡಿದರೆ ತಾನೇ ಶುರುವಾಗುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಮೆಗಾಪಿಕ್ಸೆಲ್ ಅಲ್ಲ, ರಾತ್ರಿ ದೀಪ, ಅಂದರೆ ಕತ್ತಲಲ್ಲಿ ಚಿತ್ರ ಹಿಡಿಯಲು ಕ್ಯಾಮೆರಾ ಬೀರುವ ಇನ್‌ಫ್ರಾರೆಡ್ ಬೆಳಕು. 940 ನ್ಯಾನೋಮೀಟರ್ ತರಂಗದ ದೀಪ ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಚಿತ್ರ ಮಂಕು. 850ರದ್ದು ಸಣ್ಣಗೆ ಕೆಂಪಗೆ ಮಿನುಗುತ್ತದೆ, ಚಿತ್ರ ಚೊಕ್ಕ. ನಾನು 850 ತಗೊಂಡೆ. ನಮ್ಮ ನರಿ ಆ ಮಿನುಗಿಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಎಲ್ಲಿ ಕಟ್ಟುತ್ತೀರಿ ಅನ್ನುವುದು ತುಂಬಾ ಮುಖ್ಯ. ಮೊಣಕಾಲೆತ್ತರ ಸಾಕು. ನರಿ ಅಡ್ಡಡ್ಡ ದಾಟಿ ಹೋಗುವ ದಾರಿಯಿಂದ ಮೂರು ಮೀಟರ್ ದೂರ ಇರಲಿ. ತೀರಾ ಹತ್ತಿರವಾದರೆ ಫೋಕಸ್ ಸಿಗುವುದಿಲ್ಲ. ಎದುರಿನಿಂದ ಹಿಡಿದರೆ ಬರೀ ಮುಖ ಸಿಗುತ್ತದೆ, ನಮಗೆ ಬೇಕಾದ್ದು ಪಕ್ಕೆ ಮತ್ತು ಬಾಲದ ಬುಡ. ಫೋಟೋ ಬೇಡ, ವಿಡಿಯೋಗೆ ಇಡಿ. ಕುಂಟುವುದು, ತೂರಾಡುವುದು, ನಡೆಯುತ್ತಾ ನಡೆಯುತ್ತಾ ನಿಂತು ಕೆರೆದುಕೊಳ್ಳುವುದು ಫೋಟೋದಲ್ಲಿ ಹೇಗೆ ಗೊತ್ತಾಗಬೇಕು?

ಕಜ್ಜಿ ಸಾಮಾನ್ಯವಾಗಿ ಬಾಲದ ಬುಡ, ಹಿಂಭಾಗದಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಬೋಳಾದ ಜಾಗದಲ್ಲಿ ಚರ್ಮ ದಪ್ಪಗಾಗಿ ಹಕ್ಕಳೆ ಕಟ್ಟುತ್ತದೆ. ಏಪ್ರಿಲ್ ಬಂತೆಂದರೆ ಮಾತ್ರ ಗೊಂದಲ. ಚಳಿಗಾಲದ ಕೂದಲು ಉದುರುವ ಕಾಲ ಅದು, ಆರೋಗ್ಯವಾಗಿರುವ ನರಿಯೂ ಭಿಕಾರಿಯಂತೆ ಕಾಣುತ್ತದೆ. ಪಕ್ಕದ ಮನೆಯವರು ಪ್ರತಿ ವಸಂತದಲ್ಲೂ ಗಾಬರಿಯಾಗುವುದು ಇದಕ್ಕೇ. ಆದರೆ ಆ ಉದುರುವಿಕೆ ಕಾಲಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ, ಬಾಲದ ಸರದಿ ಕೊನೆಗೆ. ಅಡಿಯಲ್ಲಿ ಹೊಸ ಗಿಡ್ಡ ಕೂದಲು ಇರುತ್ತದೆ, ಬರೀ ಚರ್ಮ ಕಾಣುವುದಿಲ್ಲ. ಒಂದು ವಾರದ ವಿಡಿಯೋ ಸಾಲಾಗಿ ನೋಡಿದರೆ ಯಾವುದು ಯಾವುದು ಅಂತ ಸುಮಾರಾಗಿ ತಿಳಿಯುತ್ತದೆ.

ಇನ್ನೊಂದು ಉಪಕಾರ ನಾನು ಎಣಿಸಿರಲಿಲ್ಲ. ಕತ್ತಲಲ್ಲಿ ನರಿ ಕ್ಯಾಮೆರಾ ಕಡೆ ತಿರುಗಿದಾಗ ಎರಡೂ ಕಣ್ಣು ಹೊಳೆಯಬೇಕು. ನಮ್ಮದಕ್ಕೆ ಒಂದೇ ಹೊಳೆಯುತ್ತಿತ್ತು. ಇನ್ನೊಂದು ಹಕ್ಕಳೆಯಲ್ಲಿ ಮುಚ್ಚಿಹೋಗಿತ್ತು. ಕಿಟಕಿಯಿಂದ ಇದು ಕಂಡಿರಲೇ ಇಲ್ಲ.

ಹಗಲು ಹೊತ್ತು ನರಿ ಓಡಾಡಿದರೆ ಕಾಯಿಲೆ ಅನ್ನುವುದು ಸುಮ್ನೆ ಮಾತು. ಮರಿ ಇರುವ ತಾಯಿ ನರಿ ಹಗಲಲ್ಲೂ ಆಹಾರ ಹುಡುಕುತ್ತದೆ, ಬಡಕಲಾಗಿಯೂ ಇರುತ್ತದೆ. ಜನ ಹತ್ತಿರ ಹೋದರೂ ಕದಲದೆ ಕುಳಿತರೆ, ಕತ್ತು ಒಂದೇ ಕಡೆ ವಾಲಿಸಿದರೆ, ಸುತ್ತು ಹೊಡೆದರೆ, ಅದು ಬೇರೆ ಮಾತು. ಆಗ ಯೋಚಿಸಬೇಡಿ, ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ.

ನಮ್ಮ ಕಡೆಯ ವನ್ಯಜೀವಿ ರಕ್ಷಣೆಯವರಿಗೆ ವಿಡಿಯೋ ಕಳಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, ದಿನಾ ಎಷ್ಟು ಗಂಟೆಗೆ ಬರುತ್ತದೆ? ವಿಡಿಯೋ ಮೂಲೆಯಲ್ಲೇ ಸಮಯ ಇತ್ತು. ಬೋನು ಇಟ್ಟು ಹಿಡಿದರು, ಔಷಧಿ ಮಾಡಿ ನಮ್ಮ ರಸ್ತೆಗೇ ತಂದು ಬಿಟ್ಟರು. ನೀವೇ ಊಟದಲ್ಲಿ ಔಷಧಿ ಬೆರೆಸಿ ಇಡಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಯಾವ ನರಿ ಎಷ್ಟು ತಿಂದಿತು ಅಂತ ಯಾರಿಗೆ ಗೊತ್ತು? ನುಸಿಗೆ ಹಾಕುವ ಐವರ್ಮೆಕ್ಟಿನ್ ಅನ್ನು ಪಕ್ಕದ ಮನೆಯ ಕೋಲಿ ತಳಿಯ ನಾಯಿ ತಿಂದರೆ ಅದರ ಪ್ರಾಣಕ್ಕೇ ಬರಬಹುದು.

ಬೇಜಾರು? ಇದೆ. ಮೊಬೈಲ್ ಆ್ಯಪ್ ಕೆಲಸಕ್ಕೆ ಬಾರದ್ದು. ವೈಫೈ ಹತ್ತು ಹೆಜ್ಜೆ ದಾಟಿದರೆ ಮಾಯ. ಕಂಪನಿಗೆ ಬರೆದರೆ "ಫೋನ್ ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರ. ಹೆಸರು ಬೇಡ ಬಿಡಿ, ಈ ಬೆಲೆಯವೆಲ್ಲ ಹೆಚ್ಚುಕಮ್ಮಿ ಒಂದೇ. ನಾನೀಗ ಕಾರ್ಡ್ ಕಿತ್ತು ಲ್ಯಾಪ್‌ಟಾಪಿಗೆ ಹಾಕಿ ನೋಡುತ್ತೇನೆ. ಚಳಿಗಾಲದಲ್ಲಿ ಸಾಮಾನ್ಯ ಬ್ಯಾಟರಿ ಬೇಗ ಸುಸ್ತಾಗುತ್ತದೆ, ಲಿಥಿಯಂ ಹಾಕಿ. ಗಾಳಿಗೆ ಅಲ್ಲಾಡುವ ರೆಂಬೆ ಎದುರಿಗಿದ್ದರೆ ಕತ್ತರಿಸಿ, ಇಲ್ಲದಿದ್ದರೆ ರಾತ್ರಿಯಿಡೀ ಎಲೆಯ ವಿಡಿಯೋ. ಬೇಲಿಯಾಚೆ ಮುಖ ಮಾಡಿ ಮಾತ್ರ ಕಟ್ಟಬೇಡಿ. ಪಕ್ಕದವರು ನರಿಗಿಂತ ಬೇಗ ಸಿಟ್ಟಾಗುತ್ತಾರೆ.