ಅಜ್ಜಿ, ತಾತ, ಮೊಮ್ಮಕ್ಕಳು ಎಲ್ಲಾ ಸೇರಿ ಹೋಗೋಕೆ ವಂಡರ್‌ಲಾನಾ, ಜಿಆರ್‌ಎಸ್ಸಾ?

ಬಿಡದಿ ವಂಡರ್‌ಲಾ, ಮೈಸೂರು ಜಿಆರ್‌ಎಸ್, ಈ ಎರಡು ಅಮ್ಯೂಸ್‌ಮೆಂಟ್ ಪಾರ್ಕಲ್ಲಿ ಯಾವುದಕ್ಕೆ ಹೋಗೋದು ಅಂತ ಓದುಗರೊಬ್ಬರು ಕೇಳಿ ಬರೆದಿದ್ರಿ. ನೀವು ಚಿಕ್ಕವರಿದ್ದಾಗ ಅಪ್ಪ ಕರ್ಕೊಂಡು ಹೋಗ್ತಿದ್ರು, ಈಗ ಅಪ್ಪನ್ನೂ ಮಗಳನ್ನೂ ಒಟ್ಟಿಗೆ ಕರ್ಕೊಂಡು ಹೋಗ್ಬೇಕು ಅಂದ್ರಲ್ಲ, ಓದಿ ತುಂಬಾ ಖುಷಿ ಆಯ್ತು.

ರೈಡ್ಸ್ ಹುಚ್ಚು ಇರೋರಿಗೆ ಬಿಡದಿ ವಂಡರ್‌ಲಾನೇ. 2005ರಿಂದ ಇದೆ, ಅಂದ್ರೆ ಆಗ ಮಕ್ಕಳಾಗಿ ಹೋದೋರು ಈಗ ತಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ತಿದಾರೆ. ರಿಕಾಯಿಲ್ ಅನ್ನೋ ರೋಲರ್ ಕೋಸ್ಟರ್ ಥರದ್ದು ಹರೆಯದವರಿಗೆ, ಬಿಪಿ ಇರೋ ತಾತಂಗೆ ಬೇಡವೇ ಬೇಡ, ಅವರಿಗೆ ವೇವ್ ಪೂಲ್ ಅಂಚಲ್ಲಿ ಪಾದ ಮುಳುಗಿಸ್ಕೊಂಡು ಮೊಮ್ಮಗಳ ಕೈ ಹಿಡ್ಕೊಂಡು ನಿಲ್ಲೋದೇ ಸಾಕು. ಆದ್ರೆ ಜಾಗ ದೊಡ್ಡದು, ನಡೆದೂ ನಡೆದೂ ಮಂಡಿ ನೋವು ಬರುತ್ತೆ, ಶನಿವಾರ ಭಾನುವಾರ ಕ್ಯೂ ಬೇರೆ.

ಮೈಸೂರಿನ ಕೆಆರ್‌ಎಸ್ ರೋಡಲ್ಲಿರೋ ಜಿಆರ್‌ಎಸ್ ಅದಕ್ಕಿಂತ ಚಿಕ್ಕದು, ದೊಡ್ಡ ರೈಡ್ಸ್ ಕಮ್ಮಿ, ಆದ್ರೆ ಪುಟ್ಟ ಮಕ್ಕಳಿಗೂ ವಯಸ್ಸಾದವರಿಗೂ ಓಡಾಟ ಸುಲಭ, ಮಾರನೇ ದಿನ ಝೂ, ಬೃಂದಾವನನೂ ಆಗುತ್ತೆ.

ಖರ್ಚಲ್ಲಿ ಜಿಆರ್‌ಎಸ್ ಹಗುರ, ಆದ್ರೆ ಬೆಂಗಳೂರಿಂದ ಹೊರಟ್ರೆ ಪೆಟ್ರೋಲು, ರೂಮು ಸೇರಿಸಿ ಲೆಕ್ಕ ಹಾಕಿ. ಎರಡೂ ಕಡೆ ಟಿಕೆಟ್‌ಗೆ ಮಕ್ಕಳ ಎತ್ತರ ಅಳೀತಾರೆ, ಮನೇಲೇ ಅಳ್ಕೊಂಡು ಹೋಗಿ. ನೀರಿಗೆ ನೈಲಾನ್ ಬಟ್ಟೆನೇ ಬೇಕು, ಅಜ್ಜಿ ಸೀರೇಲಿ ಇಳಿಯೋ ಹಾಗಿಲ್ಲ, ಮೊದ್ಲೇ ಹೇಳ್ಬಿಡಿ.

ಮಗಳು ಹೈಸ್ಕೂಲು, ಅಪ್ಪ ಗಟ್ಟಿಮುಟ್ಟು ಅಂದ್ರೆ ಬಿಡದಿ, ವಾರದ ಮಧ್ಯೆ. ಮಗು ಇನ್ನೂ ಎಲ್‌ಕೆಜಿ, ಅಪ್ಪಂಗೆ ಮಂಡಿ ನೋವು ಅಂದ್ರೆ ಮೈಸೂರು, ಎರಡು ದಿನ ಇಟ್ಕೊಳ್ಳಿ.